ಅಪಲಾಚಿಯನ್ ಮೌಂಟನ್ ಕ್ಲಬ್

ಅಪಲಾಚಿಯನ್ ಮೌಂಟನ್ ಕ್ಲಬ್ (ಎಎಂಸಿ) ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿ ಕಾರ್ಯನಿರ್ವಹಿಸುತ್ತಿರುವ ಚಾರಣ, ಜಲಯಾನ ಹಾಗೂ ಪ್ರಕೃತಿ ಸಂರಕ್ಷಣಾ ಸಂಸ್ಥೆಯಾಗಿದೆ. 1876ರಲ್ಲಿ ಬಾಸ್ಟನ್ ನಗರದಲ್ಲಿ ಸ್ಥಾಪನೆಯಾದ ಇದು ಆ ದೇಶದಲ್ಲಿ ಇಂದಿಗೂ ಉಳಿದುಬಂದಿರುವ ಇಂತಹ ಸಂಸ್ಥೆಗಳಲ್ಲಿ ಅತ್ಯಂತ ಹಳೆಯದು. ಮೇನ್ ರಾಜ್ಯದಿಂದ ರಾಜಧಾನಿ ವಾಷಿಂಗ್ಟನ್ ಪ್ರದೇಶದವರೆಗೆ ಇದರ ಪ್ರಾದೇಶಿಕ ಶಾಖೆಗಳಿವೆ. ಬೆಟ್ಟ ಹತ್ತುವುದು, ಕನೂ ಮತ್ತು ಕಯಾಕ್ ದೋಣಿಗಳಲ್ಲಿ ಹುಟ್ಟು ಹಾಕಿಕೊಂಡು ನದಿ-ಸರೋವರಗಳಲ್ಲಿ ಸಾಗುವುದು, ಚಳಿಗಾಲದಲ್ಲಿ ಹಿಮದ ಮೇಲೆ ನಡೆಯುವುದು ಮೊದಲಾದ ಸಾಮೂಹಿಕ ಪ್ರವಾಸಗಳನ್ನು ಈ ಶಾಖೆಗಳ ಸ್ವಯಂಸೇವಕರು ವರ್ಷವಿಡೀ ನಡೆಸುತ್ತಾರೆ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವೈಟ್ ಮೌಂಟನ್ಸ್ ಪರ್ವತಶ್ರೇಣಿಯು ಸಂಸ್ಥೆಯ ಹುಟ್ಟಿಗೆ ಕಾರಣವಾದ ಪ್ರದೇಶವಾಗಿದ್ದು, ಇಂದಿಗೂ ಅದರ ಚಟುವಟಿಕೆಗಳ ಕೇಂದ್ರವಾಗಿದೆ.

ಸ್ಥಾಪನೆ ಮತ್ತು ಆರಂಭದ ವರ್ಷಗಳು

ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ಚಾರ್ಲ್ಸ್ ಪಿಕರಿಂಗ್ ಅವರು 1876ರ ಜನವರಿಯಲ್ಲಿ ಪರ್ವತಾಸಕ್ತರನ್ನು ಒಂದೆಡೆ ಸೇರಿಸಿದರು. ಅದೇ ಸಭೆಯಿಂದ ಸಂಸ್ಥೆ ಮೂಡಿತು. ಪಿಕರಿಂಗ್ ಅದರ ಮೊದಲ ಅಧ್ಯಕ್ಷರಾದರು. ಮರುವರ್ಷ ಅವರು ಹಾರ್ವರ್ಡ್ ಕಾಲೇಜು ವೀಕ್ಷಣಾಲಯದ ನಿರ್ದೇಶಕರಾಗಿ ಖಗೋಳವಿಜ್ಞಾನದಲ್ಲಿ ಹೆಸರು ಮಾಡಿದರು. ಸಂಸ್ಥಾಪಕರಲ್ಲಿ ಪ್ರಾಧ್ಯಾಪಕರೂ ವಿಜ್ಞಾನಾಸಕ್ತರೂ ಹೆಚ್ಚಾಗಿದ್ದುದರ ಗುರುತು ಸಂಸ್ಥೆಯ ಮೊದಲ ರಚನೆಯಲ್ಲಿಯೇ ಕಾಣುತ್ತದೆ. ನಿಸರ್ಗ ವಿಜ್ಞಾನ, ಭೂಲಕ್ಷಣ, ಕಲೆ, ಅನ್ವೇಷಣೆ ಮತ್ತು ಸುಧಾರಣೆ ಎಂಬ ಐದು ವಿಭಾಗಗಳಿದ್ದವು. ‘ಸುಧಾರಣೆ’ ಎಂದರೆ ಕಾಡಿನಲ್ಲಿ ಕಾಲುದಾರಿ ಕಡಿಯುವುದು ಮತ್ತು ತಂಗುವ ನೆಲೆಗಳನ್ನು ಕಟ್ಟುವುದು. ಮಿಕ್ಕ ವಿಭಾಗಗಳು ಕಾಲಕ್ರಮೇಣ ಹಿಂದೆ ಸರಿದವು; ಈ ದಾರಿ ಕಡಿಯುವ ಕೆಲಸ ಮಾತ್ರ ಸಂಸ್ಥೆಯ ಬೆನ್ನೆಲುಬಾಗಿ ನಿಂತಿತು.

1876ರಲ್ಲಿಯೇ ‘ಅಪಲಾಚಿಯ’ ಎಂಬ ನಿಯತಕಾಲಿಕ ಆರಂಭವಾಯಿತು. ಅದು ಇಂದಿಗೂ ಪ್ರಕಟವಾಗುತ್ತಿದೆ. ಆ ಕಾಲದ ಅನೇಕ ವಿದ್ವತ್ ಸಂಘಗಳು ಮಹಿಳೆಯರಿಗೆ ಬಾಗಿಲು ಮುಚ್ಚಿದ್ದರೂ ಈ ಸಂಸ್ಥೆ ಮೊದಲ ವರ್ಷದಲ್ಲಿಯೇ ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿತು. ನೆಲ ಗುಡಿಸುವ ಉದ್ದನೆಯ ಲಂಗ ತೊಟ್ಟು ಕಂದರಗಳನ್ನು ಏರುವುದು ಹೇಗೆ ಎಂಬ ಪ್ರಶ್ನೆ ಪತ್ರಿಕೆಯ ಆರಂಭದ ಸಂಪುಟಗಳಲ್ಲಿ ಚರ್ಚೆಗೆ ಬಂದಿತ್ತು. ಮುಂದೆ ಸದಸ್ಯೆ ಮಿರಿಯಂ ಓಬ್ರಿಯನ್ ಅಂಡರ್‌ಹಿಲ್ ಅವರು ಪುರುಷರ ನೆರವಿಲ್ಲದೆ ಆಲ್ಪ್ಸ್ ಶಿಖರಗಳನ್ನೇರಿ ಪ್ರಸಿದ್ಧರಾದರು.

1887ರಿಂದ ‘ಆಗಸ್ಟ್ ಕ್ಯಾಂಪ್’ ಎಂಬ ಬೇಸಿಗೆ ಶಿಬಿರ ನಡೆಯುತ್ತಾ ಬಂದಿದೆ. 1900ರಲ್ಲಿ ವಿನ್ನಿಪಸಾಕಿ ಸರೋವರದ ದ್ವೀಪವೊಂದರಲ್ಲಿ ಆರಂಭವಾದ ‘ತ್ರೀ ಮೈಲ್ ಐಲ್ಯಾಂಡ್’ ಶಿಬಿರವು ದೋಣಿ ನಡೆಸುವ ಸದಸ್ಯರ ನೆಚ್ಚಿನ ತಾಣವಾಯಿತು.

ಎರಡು ದುರಂತಗಳು

ಸಾಮೂಹಿಕ ಪ್ರವಾಸಗಳಿಗೆ ಇಂದು ಇರುವ ಎಚ್ಚರಿಕೆಯ ಕ್ರಮಗಳ ಹಿಂದೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಡೆದ ಎರಡು ಘಟನೆಗಳ ನೆರಳಿದೆ.

1896ರ ಆಗಸ್ಟ್ 3ರಂದು ಕೆನಡಾದ ರಾಕಿ ಪರ್ವತಗಳ ಮೌಂಟ್ ಲೆಫ್ರಾಯ್ ಶಿಖರವನ್ನು ಏರಲು ಹೊರಟಿದ್ದ ಸಂಸ್ಥೆಯ ತಂಡದಲ್ಲಿದ್ದ ಫಿಲಿಪ್ ಸ್ಟ್ಯಾನ್ಲಿ ಅಬ್ಬಟ್ ಅವರು ಬಂಡೆಯಿಂದ ಬಿದ್ದು ಮೃತಪಟ್ಟರು. ಉತ್ತರ ಅಮೆರಿಕದಲ್ಲಿ ಕ್ರೀಡೆಯಾಗಿ ಪರ್ವತಾರೋಹಣ ಮಾಡುವಾಗ ಸಂಭವಿಸಿದ ಮೊದಲ ಸಾವು ಎಂದು ಇದನ್ನು ಗುರುತಿಸಲಾಗುತ್ತದೆ. ಇಂತಹ ಸಾಹಸ ಬೇಕೇ ಎಂಬ ಚರ್ಚೆ ಎದ್ದಿತು. ತಂಡದಲ್ಲಿದ್ದ ಪ್ರಾಧ್ಯಾಪಕ ಚಾರ್ಲ್ಸ್ ಫೇ ಅವರು ಸರಿಯಾಗಿ ಒಂದು ವರ್ಷದ ನಂತರ, ಬ್ರಿಟಿಷ್ ಆರೋಹಿಗಳು ಹಾಗೂ ಸ್ವಿಸ್ ಮಾರ್ಗದರ್ಶಿ ಪೀಟರ್ ಸಾರ್‌ಬಾಕ್ ಅವರೊಡನೆ ಹಿಂತಿರುಗಿ ಅದೇ ಶಿಖರವನ್ನು ಏರಿದರು. 1902ರಲ್ಲಿ ಅಮೆರಿಕನ್ ಆಲ್ಪೈನ್ ಕ್ಲಬ್ ಸ್ಥಾಪನೆಯಾದಾಗ ಫೇ ಅದರ ಮೊದಲ ಅಧ್ಯಕ್ಷರಾದರು.

ಎರಡನೆಯ ಘಟನೆ ಸಂಸ್ಥೆಯ ಸ್ವಂತ ನೆಲದಲ್ಲಿ ನಡೆಯಿತು. 1900ರ ಬೇಸಿಗೆಯಲ್ಲಿ ಮೌಂಟ್ ವಾಷಿಂಗ್ಟನ್ ಶಿಖರದ ಮೇಲೆಯೇ ಕ್ಲಬ್ಬಿನ ಸಭೆ ಏರ್ಪಾಡಾಗಿತ್ತು. ಶಿಖರದವರೆಗೆ ಹಲ್ಲುಗಾಲಿ ರೈಲು ಇದ್ದರೂ ವಿಲಿಯಂ ಕರ್ಟಿಸ್ ಮತ್ತು ಅಲನ್ ಆರ್ಮ್ಸ್‌ಬಿ ಎಂಬಿಬ್ಬರು ಜೂನ್ 30ರಂದು ಕ್ರಾಫರ್ಡ್ ಪಾತ್ ಎಂಬ ಹಳೆಯ ಕಾಲುದಾರಿಯಲ್ಲಿ ನಡೆದು ಹೊರಟರು. ಅರವತ್ತು ದಾಟಿದ್ದ ಕರ್ಟಿಸ್ ನ್ಯೂಯಾರ್ಕಿನಲ್ಲಿ ಹೆಸರಾಂತ ಕ್ರೀಡಾಪಟು. ಮೇಲೇರುತ್ತಿದ್ದಂತೆ ಮಂಜುಗಡ್ಡೆಯ ಬಿರುಗಾಳಿ ಎರಗಿತು. ಕರ್ಟಿಸ್ ಮೌಂಟ್ ಮನ್ರೋ ಶಿಖರದ ಬುಡದಲ್ಲಿ ಕುಸಿದರು. ಆರ್ಮ್ಸ್‌ಬಿ ಸಭೆ ನಡೆಯುತ್ತಿದ್ದ ಕಟ್ಟಡಕ್ಕೆ ಅನತಿ ದೂರದಲ್ಲಿ ಪ್ರಾಣ ಬಿಟ್ಟರು. ಇಬ್ಬರೂ ದೇಹಬಲದಲ್ಲಿ ಕಡಿಮೆಯವರಾಗಿರಲಿಲ್ಲ ಎಂಬುದು ಈ ಪ್ರಕರಣದಲ್ಲಿ ಮುಖ್ಯವಾದುದು. ಮರುವರ್ಷ ಆ ದಾರಿಯಲ್ಲಿ ತುರ್ತು ಆಶ್ರಯಕ್ಕಾಗಿ ಮಾತ್ರ ಒಂದು ಪುಟ್ಟ ಮನೆಯನ್ನು ಕಟ್ಟಲಾಯಿತು. ವಿಹಾರಕ್ಕೆ ಬಂದವರೂ ಅದರಲ್ಲಿ ಬೀಡುಬಿಡತೊಡಗಿದ್ದರಿಂದ 1915ರಲ್ಲಿ ಸಮೀಪದಲ್ಲಿಯೇ ‘ಲೇಕ್ಸ್ ಆಫ್ ದಿ ಕ್ಲೌಡ್ಸ್’ ಎಂಬ ಕಲ್ಲಿನ ತಂಗುಮನೆ ತಲೆಯೆತ್ತಿತು.

ಪರ್ವತಗಳ ಸ್ವಭಾವ

ಮೌಂಟ್ ವಾಷಿಂಗ್ಟನ್ ಶಿಖರದ ಎತ್ತರ 1,917 ಮೀಟರ್. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯೂ ಹೆಚ್ಚುಕಡಿಮೆ ಇಷ್ಟೇ ಎತ್ತರವಿದೆ. ಕರ್ನಾಟಕದ ಚಾರಣಿಗರು ಈ ಅಂಕಿಯನ್ನು ನೋಡಿ ಅಲ್ಲಿನ ಬೆಟ್ಟಗಳನ್ನು ಅಳೆದರೆ ತಪ್ಪು ಲೆಕ್ಕವಾಗುತ್ತದೆ. ಅಲ್ಲಿ ಸುಮಾರು 1,400 ಮೀಟರಿಗೇ ಮರಗಳ ಸಾಲು ಮುಗಿದು, ಮೇಲೆ ಬರಿಯ ಬಂಡೆ ಹಾಗೂ ಧ್ರುವಪ್ರದೇಶವನ್ನು ಹೋಲುವ ಗಿಡ್ಡ ಸಸ್ಯಗಳು ಮಾತ್ರ ಇರುತ್ತವೆ. 1934ರ ಏಪ್ರಿಲ್ 12ರಂದು ಶಿಖರದ ವೀಕ್ಷಣಾಲಯದಲ್ಲಿ ಗಂಟೆಗೆ 372 ಕಿ.ಮೀ. ವೇಗದ ಗಾಳಿ ದಾಖಲಾಯಿತು. 1996ರಲ್ಲಿ ಆಸ್ಟ್ರೇಲಿಯದ ಬ್ಯಾರೋ ದ್ವೀಪದಲ್ಲಿ ಚಂಡಮಾರುತವೊಂದು ಅದನ್ನು ಮೀರಿಸುವವರೆಗೂ ಅದು ಜಾಗತಿಕ ದಾಖಲೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಈಚೆಗೆ ಮೌಂಟ್ ವಾಷಿಂಗ್ಟನ್ ಹಾಗೂ ಸುತ್ತಲಿನ ಶಿಖರಗಳಲ್ಲಿ 150ಕ್ಕೂ ಹೆಚ್ಚು ಮಂದಿ ಸಾವಿಗೀಡಾಗಿದ್ದಾರೆ. ಕಣಿವೆಯಲ್ಲಿ ಬಿಸಿಲಿದ್ದಾಗಲೇ ಮೇಲೆ ಮಂಜು ಕವಿದು ಗಾಳಿ ಬೀಸುವುದು ಜುಲೈ ತಿಂಗಳಲ್ಲಿಯೂ ಅಪರೂಪವಲ್ಲ.

ಚಾರಣದ ಕ್ರಮ

ಶಾಖೆಯ ಪ್ರವಾಸಗಳನ್ನು ನಡೆಸುವ ನಾಯಕರು ಸಂಬಳ ಪಡೆಯುವ ಮಾರ್ಗದರ್ಶಿಗಳಲ್ಲ. ಅವರು ಸಂಸ್ಥೆಯ ನಾಯಕತ್ವ ತರಬೇತಿ ಮುಗಿಸಿ, ಅನುಭವಿ ನಾಯಕರ ಕೈಕೆಳಗೆ ಕೆಲವು ಪ್ರವಾಸಗಳನ್ನು ನಡೆಸಿದ ಬಳಿಕ ಒಪ್ಪಿಗೆ ಪಡೆದ ಸದಸ್ಯರು. ಕಾಡಿನಲ್ಲಿ ಪ್ರಥಮ ಚಿಕಿತ್ಸೆ ನೀಡುವ ತರಬೇತಿಯನ್ನೂ ಅನೇಕರು ಪಡೆದಿರುತ್ತಾರೆ. ಪ್ರವಾಸದ ಪ್ರಕಟಣೆಯಲ್ಲಿ ದೂರ, ಏರು, ನಡಿಗೆಯ ವೇಗ ಮತ್ತು ಕಷ್ಟದ ಮಟ್ಟವನ್ನು ತಿಳಿಸಲಾಗುತ್ತದೆ. ಹೆಸರು ಕೊಟ್ಟವರೆಲ್ಲರನ್ನೂ ಸೇರಿಸಿಕೊಳ್ಳಬೇಕೆಂಬ ನಿಯಮವಿಲ್ಲ. ಇತ್ತೀಚೆಗೆ ಯಾವ ಬೆಟ್ಟ ಹತ್ತಿದ್ದೀರಿ, ಎಷ್ಟು ಹೊತ್ತು ಹಿಡಿಯಿತು, ಯಾವ ಬೂಟು ಇದೆ ಎಂದು ನಾಯಕರು ಮೊದಲೇ ವಿಚಾರಿಸುತ್ತಾರೆ. ಸಾಮರ್ಥ್ಯ ಸಾಲದು ಎನಿಸಿದರೆ ಸುಲಭವಾದ ಬೇರೊಂದು ಪ್ರವಾಸವನ್ನು ಸೂಚಿಸುತ್ತಾರೆ. ಹೊಸಬರಿಗೆ ಇದು ಬಿಗುಮಾನದಂತೆ ಕಾಣಬಹುದು. ಆದರೆ ತಂಡದ ವೇಗವನ್ನು ನಿರ್ಧರಿಸುವುದು ಅತ್ಯಂತ ನಿಧಾನವಾಗಿ ನಡೆಯುವ ಸದಸ್ಯನಾದುದರಿಂದ, ಬೆಟ್ಟದ ಬುಡದಲ್ಲಿ ಹೇಳುವ ‘ಬೇಡ’ ಎಂಬ ಮಾತು ಮೇಲೆ ಕತ್ತಲಾದ ಮೇಲೆ ಹೇಳುವುದಕ್ಕಿಂತ ಅಗ್ಗ.

ಸಮಯವನ್ನು ಅಂದಾಜು ಮಾಡಲು ‘ಪುಸ್ತಕದ ಕಾಲ’ ಎಂಬ ಸೂತ್ರ ಬಳಕೆಯಲ್ಲಿದೆ. ಸಂಸ್ಥೆಯು 1907ರಲ್ಲಿ ಮೊದಲಿಗೆ ಪ್ರಕಟಿಸಿ, ಅನೇಕ ಬಾರಿ ಪರಿಷ್ಕರಿಸಿದ ‘ವೈಟ್ ಮೌಂಟನ್ ಗೈಡ್’ ಎಂಬ ಕೈಪಿಡಿಯಿಂದ ಈ ಹೆಸರು ಬಂದಿದೆ. ಪ್ರತಿ ಮೈಲಿಗೆ (1.6 ಕಿ.ಮೀ.) ಅರ್ಧ ಗಂಟೆ, ಪ್ರತಿ 1,000 ಅಡಿ (ಸುಮಾರು 300 ಮೀ.) ಏರಿಗೆ ಇನ್ನೊಂದು ಅರ್ಧ ಗಂಟೆ ಎಂಬುದು ಲೆಕ್ಕ. ಇದರಂತೆ 8 ಮೈಲಿ ದೂರ ಮತ್ತು 3,000 ಅಡಿ ಏರಿರುವ ದಾರಿಗೆ ಐದೂವರೆ ಗಂಟೆ ಬೇಕಾಗುತ್ತದೆ. ಊಟ, ವಿಶ್ರಾಂತಿ, ಕೆಟ್ಟ ಹವೆ ಇದರಲ್ಲಿ ಸೇರಿಲ್ಲ. ದೊಡ್ಡ ತಂಡಕ್ಕೆ ಈ ಲೆಕ್ಕ ಸಾಮಾನ್ಯವಾಗಿ ಸಾಲುವುದಿಲ್ಲ.

ದಾರಿಯಲ್ಲಿ ನಾಯಕರು ಮುಂದಿದ್ದರೆ, ಸಹನಾಯಕರೊಬ್ಬರು ಹಿಂಗಾವಲಾಗಿ ಎಲ್ಲರಿಗಿಂತ ಕೊನೆಯಲ್ಲಿ ನಡೆಯುತ್ತಾರೆ. ಹಿಂಗಾವಲಿನವರನ್ನು ದಾಟಿ ಯಾರೂ ಹಿಂದುಳಿಯುವಂತಿಲ್ಲ. ದಾರಿಗಳು ಕೂಡುವ ಪ್ರತಿಯೊಂದು ಕವಲಿನಲ್ಲಿ ಮುಂದಿನವರು ನಿಂತು, ತಂಡವೆಲ್ಲ ಸೇರಿದ ಮೇಲೆಯೇ ಮುಂದುವರಿಯಬೇಕು. ಹಿಂದೆ ಬಂದವರು ಉಸಿರು ತೆಗೆದುಕೊಳ್ಳುವ ಮೊದಲೇ ಮುಂದಿನವರು ಹೊರಟುಬಿಡುವ ಚಾಳಿ ಎಲ್ಲ ದೇಶಗಳ ತಂಡಗಳಲ್ಲಿಯೂ ಇದೆ. ನುರಿತ ನಾಯಕರು ಅದಕ್ಕೆ ಅವಕಾಶ ಕೊಡುವುದಿಲ್ಲ. ಶಿಖರ ತಲುಪದಿದ್ದರೂ ಹಿಂತಿರುಗಲೇಬೇಕಾದ ಗಂಟೆಯನ್ನು ಹೊರಡುವಾಗಲೇ ಪ್ರಕಟಿಸಲಾಗುತ್ತದೆ.

ತಂಡದ ಗಾತ್ರಕ್ಕೂ ಮಿತಿಯಿದೆ. ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯದಲ್ಲಿ ಪೆಮಿಜವಾಸೆಟ್, ಗ್ರೇಟ್ ಗಲ್ಫ್ ಮೊದಲಾದ ಸಂರಕ್ಷಿತ ವನ್ಯಪ್ರದೇಶಗಳೊಳಗೆ ಒಂದು ತಂಡದಲ್ಲಿ ಹತ್ತಕ್ಕಿಂತ ಹೆಚ್ಚು ಜನರಿರುವಂತಿಲ್ಲ. ದಾರಿ ಸವೆಯುವುದನ್ನೂ ಗದ್ದಲವನ್ನೂ ತಡೆಯುವುದು ಇದರ ಉದ್ದೇಶ.

ನ್ಯೂ ಹ್ಯಾಂಪ್‌ಶೈರ್‌ನಲ್ಲಿ 4,000 ಅಡಿ (1,219 ಮೀ.) ಮೀರಿದ 48 ಶಿಖರಗಳನ್ನು ಸಂಸ್ಥೆ ಪಟ್ಟಿಮಾಡಿದೆ. ಇವೆಲ್ಲವನ್ನೂ ಹತ್ತಿದವರಿಗೆ ಮನ್ನಣೆ ನೀಡುವ ಕೂಟ 1957ರಲ್ಲಿ ಆರಂಭವಾಯಿತು. ಪಟ್ಟಿಯಲ್ಲಿ ಸೇರಲು ಶಿಖರವು ಪಕ್ಕದ ಎತ್ತರದ ಬೆಟ್ಟದೊಡನೆ ಕೂಡುವ ತಗ್ಗಿಗಿಂತ ಕನಿಷ್ಠ 200 ಅಡಿ ಮೇಲಿರಬೇಕು. ಮಿರಿಯಂ ಮತ್ತು ರಾಬರ್ಟ್ ಅಂಡರ್‌ಹಿಲ್ ದಂಪತಿ ಇವನ್ನು ಚಳಿಗಾಲದಲ್ಲಿಯೇ ಪೂರೈಸಿದ ಮೊದಲಿಗರು. ಹೆಚ್ಚು ಪ್ರಸಿದ್ಧವಲ್ಲದ ಶಿಖರಗಳಿಗೂ ಜನರನ್ನು ಕಳುಹಿಸುವುದು ಪಟ್ಟಿಯ ಮೂಲ ಆಶಯವಾಗಿತ್ತು. ಆ ಆಶಯ ಈಡೇರಿದ್ದೇ ಈಗ ಸಮಸ್ಯೆಯಾಗಿ, ಒಂದು ಕಾಲದಲ್ಲಿ ನಿರ್ಜನವಾಗಿದ್ದ ದಾರಿಗಳೂ ಸವೆಯುತ್ತಿವೆ.

ಜಲಯಾನ

ಕನೂ ಎಂಬುದು ಮೇಲ್ಭಾಗ ತೆರೆದಿರುವ, ಒಂದೇ ಅಲಗಿನ ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿ. ಕಯಾಕ್ ಮೇಲ್ಭಾಗ ಮುಚ್ಚಿರುತ್ತದೆ. ಅದರ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗುಗಳಿರುತ್ತವೆ. ಎರಡೂ ಆ ಖಂಡದ ಮೂಲನಿವಾಸಿಗಳಿಂದ ಬಂದವು. ಕನೂ ಈಶಾನ್ಯ ಕಾಡುಗಳ ಬರ್ಚ್ ತೊಗಟೆಯ ದೋಣಿಯಿಂದಲೂ ಕಯಾಕ್ ಧ್ರುವಪ್ರದೇಶದ ತೊಗಲಿನ ದೋಣಿಯಿಂದಲೂ ರೂಪುಗೊಂಡಿದೆ. ಎರಡನೆಯ ಮಹಾಯುದ್ಧದ ನಂತರ ವಿಮಾನ ತಯಾರಕ ಗ್ರಮ್ಮನ್ ಕಂಪನಿ ಅಲ್ಯೂಮಿನಿಯಂ ಕನೂಗಳನ್ನು ಮಾರುಕಟ್ಟೆಗೆ ತಂದಿತು. ಬಂಡೆಗೆ ತಗುಲಿದರೂ ಸುಲಭವಾಗಿ ಒಡೆಯದ ಈ ದೋಣಿಗಳು ರಭಸದ ನದಿಗಳಲ್ಲಿ ಕಲಿಯುವವರ ಸಂಖ್ಯೆಯನ್ನು ಹೆಚ್ಚಿಸಿದವು. ನದಿಗಳ ಒಂದೊಂದು ಭಾಗವನ್ನೂ ವಿವರಿಸುವ ಕೈಪಿಡಿಗಳನ್ನು ಎಎಂಸಿ ಪ್ರಕಟಿಸಿದೆ.

ಜಲಯಾನದ ಋತು ಹಿಮ ಕರಗುವುದರೊಂದಿಗೆ ಆರಂಭವಾಗುತ್ತದೆ. ಏಪ್ರಿಲ್‌ನಲ್ಲಿ ತುಂಬಿ ಹರಿಯುವ ಅನೇಕ ಹೊಳೆಗಳು ಜೂನ್ ಹೊತ್ತಿಗೆ ಕಲ್ಲುಗಳ ರಾಶಿಯಾಗಿರುತ್ತವೆ. ನದಿಯ ರಭಸವನ್ನು ಒಂದರಿಂದ ಆರರವರೆಗಿನ ಅಂತರರಾಷ್ಟ್ರೀಯ ಶ್ರೇಣಿಯಲ್ಲಿ ಅಳೆಯುತ್ತಾರೆ. ಒಂದನೆಯ ದರ್ಜೆ ಎಂದರೆ ಸಣ್ಣ ಅಲೆಗಳ ಸರಾಗ ಹರಿವು. ಮೂರನೆಯದರಲ್ಲಿ ಅಡ್ಡಾದಿಡ್ಡಿ ಅಲೆಗಳ ನಡುವೆ ದೋಣಿಯನ್ನು ಚುರುಕಾಗಿ ತಿರುಗಿಸುವ ಪಳಗಿದ ಕೈ ಬೇಕು. ಆರನೆಯದು ಬಹುತೇಕ ದಾಟಲಾಗದ್ದು. ಒಂದೇ ನದಿಯ ದರ್ಜೆ ನೀರಿನ ಮಟ್ಟದೊಂದಿಗೆ ಬದಲಾಗುವುದರಿಂದ, ನಾಯಕರು ಸರ್ಕಾರಿ ಮಾಪನ ಕೇಂದ್ರಗಳು ಪ್ರಕಟಿಸುವ ಹರಿವಿನ ಅಂಕಿಗಳನ್ನು ನೋಡಿಯೇ ಪ್ರವಾಸವನ್ನು ಖಚಿತಪಡಿಸುತ್ತಾರೆ. ನೀರು ಹೆಚ್ಚಾದರೂ ಕಡಿಮೆಯಾದರೂ ಬೇರೆ ನದಿಗೆ ಹೋಗುವುದುಂಟು.

ನೀರಿಗಿಳಿಯುವ ಜಾಗ ಮತ್ತು ಮೇಲೇರುವ ಜಾಗ ಬೇರೆಬೇರೆಯಾಗಿರುವುದು ಜಲಯಾನದ ವಿಶೇಷ ತೊಡಕು. ಆದ್ದರಿಂದ ದೋಣಿಗಳನ್ನು ಇಳಿಸಿದ ಮೇಲೆ ಕೆಲವು ಕಾರುಗಳನ್ನು ಮೊದಲೇ ಕೆಳಗಿನ ದಡದಲ್ಲಿ ಬಿಟ್ಟು, ಚಾಲಕರೆಲ್ಲ ಒಂದೇ ಕಾರಿನಲ್ಲಿ ಹಿಂತಿರುಗುತ್ತಾರೆ. ಒಬ್ಬಂಟಿಯಾಗಿ ಈ ಏರ್ಪಾಡು ಕಷ್ಟ. ಅನೇಕರು ಕೂಟಗಳನ್ನು ಸೇರುವುದಕ್ಕೆ ಇದೂ ಒಂದು ಪ್ರಾಯೋಗಿಕ ಕಾರಣ.

ನದಿಯಲ್ಲಿ ಮುಂದಾಳು ದೋಣಿಯನ್ನು ಯಾರೂ ಹಿಂದಿಕ್ಕುವಂತಿಲ್ಲ. ಹಿಂಗಾವಲು ದೋಣಿಗಿಂತ ಯಾರೂ ಹಿಂದುಳಿಯುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ಹಿಂದಿನ ದೋಣಿಯ ಮೇಲೆ ಕಣ್ಣಿಟ್ಟಿರಬೇಕು. ನೀರಿನ ಭೋರ್ಗರೆತದಲ್ಲಿ ಮಾತು ಕೇಳಿಸದ ಕಾರಣ ಸನ್ನೆಗಳನ್ನು ಬಳಸುತ್ತಾರೆ. ಹುಟ್ಟನ್ನು ನೆಟ್ಟಗೆ ಎತ್ತಿ ಹಿಡಿದರೆ ‘ಬನ್ನಿ’, ಅಡ್ಡಲಾಗಿ ಹಿಡಿದರೆ ‘ನಿಲ್ಲಿ’, ಮೂರು ಬಾರಿ ಸೀಟಿ ಊದಿದರೆ ಅಪಾಯ ಎಂದರ್ಥ. ದೋಣಿ ಮಗುಚಿ ನೀರಿಗೆ ಬಿದ್ದವರು ಅಂಗಾತ ತೇಲುತ್ತಾ, ಕಾಲುಗಳನ್ನು ಪ್ರವಾಹದ ದಿಕ್ಕಿಗೆ ಮುಂದೆ ಚಾಚಿ, ಪಾದಗಳನ್ನು ಮೇಲೆತ್ತಿಕೊಂಡಿರಬೇಕೆಂದು ಕಲಿಸಲಾಗುತ್ತದೆ. ರಭಸದ ನೀರಿನಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಕಲ್ಲುಗಳ ಸಂದಿಗೆ ಸಿಕ್ಕಿಕೊಂಡು, ಸೊಂಟದೆತ್ತರದ ನೀರಿನಲ್ಲಿಯೂ ಮುಳುಗುವ ಅಪಾಯವಿದೆ. ಹೊಳೆಗೆ ಅಡ್ಡಬಿದ್ದ ಮರಗಳು ಇನ್ನೂ ಅಪಾಯಕಾರಿ. ನೀರು ಕೊಂಬೆಗಳ ನಡುವೆ ನುಸುಳಿ ಹೋದರೂ ಮನುಷ್ಯ ಅಲ್ಲಿಯೇ ಸಿಕ್ಕಿಕೊಳ್ಳುತ್ತಾನೆ.

ಚಳಿಗೆ ಬಲಿಯಾಗುವವರ ಬಗ್ಗೆಯೂ ಎಚ್ಚರಿಕೆ ಅಗತ್ಯ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆಯುತ್ತದೆ. ವಸಂತದಲ್ಲಿ ಗಾಳಿ ಬೆಚ್ಚಗಿದ್ದರೂ ನದಿಯಲ್ಲಿರುವುದು ಕರಗಿದ ಹಿಮ. ಆದ್ದರಿಂದ ಹವೆಗೆ ತಕ್ಕಂತಲ್ಲ, ನೀರಿಗೆ ತಕ್ಕಂತೆ ಉಡುಪು ಧರಿಸಬೇಕೆಂಬುದು ನಿಯಮ. ಮ್ಯಾಸಚೂಸೆಟ್ಸ್‌ನಲ್ಲಿ ಸೆಪ್ಟೆಂಬರ್ 15ರಿಂದ ಮೇ 15ರವರೆಗೆ ಕನೂ ಮತ್ತು ಕಯಾಕ್‌ಗಳಲ್ಲಿರುವವರು ಲೈಫ್ ಜಾಕೆಟ್ ತೊಟ್ಟಿರಬೇಕೆಂದು ಕಾನೂನೇ ಇದೆ. ಸುರಕ್ಷತೆಯನ್ನು ಗಂಭೀರವಾಗಿ ಪರಿಗಣಿಸುವ ಜಲಯಾನ ಕೂಟಗಳು ವರ್ಷದ ಎಲ್ಲ ದಿನವೂ ಅದನ್ನು ಬಯಸುತ್ತವೆ.

ಡೀರ್‌ಫೀಲ್ಡ್ ನದಿಯ ಒಪ್ಪಂದ

ವರ್ಮಾಂಟ್ ಮತ್ತು ಮ್ಯಾಸಚೂಸೆಟ್ಸ್ ರಾಜ್ಯಗಳಲ್ಲಿ ಹರಿಯುವ ಡೀರ್‌ಫೀಲ್ಡ್ ನದಿಗೆ ಸಾಲಾಗಿ ಜಲವಿದ್ಯುತ್ ಅಣೆಕಟ್ಟುಗಳಿವೆ. ನೀರನ್ನು ಕೊಳವೆಗಳಿಗೆ ತಿರುಗಿಸಿದ್ದರಿಂದ ನದಿಯ ಕೆಲವು ಭಾಗಗಳು ಒಣಗಿದ್ದವು. ಅಣೆಕಟ್ಟುಗಳ ಪರವಾನಗಿ ನವೀಕರಣದ ಸಂದರ್ಭದಲ್ಲಿ ಎಎಂಸಿ, ಅಮೆರಿಕನ್ ವೈಟ್‌ವಾಟರ್, ಟ್ರೌಟ್ ಅನ್‌ಲಿಮಿಟೆಡ್ ಮೊದಲಾದ ಸಂಸ್ಥೆಗಳು ವಿದ್ಯುತ್ ಕಂಪನಿಯೊಡನೆ ಮಾತುಕತೆ ನಡೆಸಿ 1994ರಲ್ಲಿ ಒಪ್ಪಂದಕ್ಕೆ ಬಂದವು. ಮೀನುಗಳಿಗೆ ಬೇಕಾದ ಕನಿಷ್ಠ ಹರಿವನ್ನು ಕಾಯುವುದು, ವರ್ಷದ ನಿಗದಿತ ದಿನಗಳಲ್ಲಿ ಜಲಯಾನಕ್ಕೆ ನೀರು ಬಿಡುವುದು ಇದರ ಮುಖ್ಯ ಅಂಶಗಳು. ಫೈಫ್ ಬ್ರೂಕ್ ಅಣೆಕಟ್ಟಿನ ಕೆಳಗಿನ ಜೋರ್ ಗ್ಯಾಪ್ ರಭಸವು ಇಂದು ಬೇಸಿಗೆಯಲ್ಲಿಯೂ ಕೂಟಗಳಿಗೆ ದೊರೆಯುವುದಕ್ಕೆ ಈ ಒಪ್ಪಂದವೇ ಆಧಾರ. ಜಲಯಾನಿಗರು ಮತ್ತು ಗಾಳಗಾರರು ಒಂದೇ ಪಕ್ಷದಲ್ಲಿ ಕುಳಿತ ಉದಾಹರಣೆಯಾಗಿಯೂ ಇದು ಗಮನಾರ್ಹ.

ಸಂರಕ್ಷಣೆ, ದಾರಿಗಳು ಮತ್ತು ತಂಗುಮನೆಗಳು

ಹತ್ತೊಂಬತ್ತನೆಯ ಶತಮಾನದ ಅಂತ್ಯಕ್ಕೆ ಮರದ ವ್ಯಾಪಾರಿಗಳು ವೈಟ್ ಮೌಂಟನ್ಸ್‌ನ ಇಳಿಜಾರುಗಳನ್ನು ಬೋಳಿಸಿದ್ದರು; 1903ರಲ್ಲಿ ಭಾರಿ ಕಾಳ್ಗಿಚ್ಚು ಹಬ್ಬಿತು. ಖಾಸಗಿ ಭೂಮಿಯನ್ನು ಕೇಂದ್ರ ಸರ್ಕಾರ ಕೊಂಡು ಅರಣ್ಯವಾಗಿ ಉಳಿಸಲು ಅವಕಾಶ ನೀಡಿದ 1911ರ ವೀಕ್ಸ್ ಕಾಯಿದೆಗೆ ಎಎಂಸಿ ಬೆಂಬಲ ನೀಡಿತು. ಅದರ ಫಲವಾಗಿ 1918ರಲ್ಲಿ ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯ ಸ್ಥಾಪನೆಯಾಯಿತು. 1919ರಿಂದ ದಾರಿಗಳ ದುರಸ್ತಿಗೆ ಸಂಬಳದ ತಂಡವೊಂದು ದುಡಿಯುತ್ತಿದೆ. ಶಾಖೆಗಳ ಸದಸ್ಯರೂ ಬಿದ್ದ ಮರ ಕತ್ತರಿಸುವ, ನೀರು ಹರಿದುಹೋಗುವ ಕಾಲುವೆಗಳನ್ನು ಬಿಡಿಸುವ ಕೆಲಸಕ್ಕೆ ರಜಾದಿನಗಳಲ್ಲಿ ಬರುತ್ತಾರೆ. 2003ರಲ್ಲಿ ಸಂಸ್ಥೆಯು ಮೇನ್ ರಾಜ್ಯದಲ್ಲಿ ಸುಮಾರು 37,000 ಎಕರೆಯ ಕಟಾಡಿನ್ ಐರನ್ ವರ್ಕ್ಸ್ ಅರಣ್ಯವನ್ನು ಕೊಂಡುಕೊಂಡಿತು.

ಆಲ್ಪ್ಸ್ ಪರ್ವತಗಳ ಮಾದರಿಯಲ್ಲಿ 1888ರಲ್ಲಿ ಕಟ್ಟಿದ ಮ್ಯಾಡಿಸನ್ ಸ್ಪ್ರಿಂಗ್ ತಂಗುಮನೆಯಿಂದ ಆರಂಭವಾಗಿ ಇಂದು ಎಂಟು ತಂಗುಮನೆಗಳಿವೆ. ಅವು ಒಂದರಿಂದ ಇನ್ನೊಂದಕ್ಕೆ ಸುಮಾರು ಒಂದು ದಿನದ ನಡಿಗೆಯ ಅಂತರದಲ್ಲಿ, ಅಪಲಾಚಿಯನ್ ಟ್ರೇಲ್‌ನ ಸುಮಾರು 90 ಕಿ.ಮೀ. ಉದ್ದಕ್ಕೆ ಹರಡಿವೆ. ಬೇಸಿಗೆಯಲ್ಲಿ ಕೆಲಸ ಮಾಡುವ ಯುವಜನರು ಆಹಾರ ಸಾಮಗ್ರಿಯನ್ನು ಮರದ ಚೌಕಟ್ಟಿಗೆ ಕಟ್ಟಿ ಬೆನ್ನ ಮೇಲೆ ಹೊತ್ತು ತರುವ ಪದ್ಧತಿ ಈಗಲೂ ಇದೆ. ವಾಸ್ತವ್ಯದ ದರ ದುಬಾರಿ ಎಂಬ ದೂರು ಹಳೆಯದು. ಸಂಸ್ಥೆಯ ಹೆಸರನ್ನು ಕೆಲವರು ‘ಅಪಲಾಚಿಯನ್ ಮನಿ ಕ್ಲಬ್’ ಎಂದು ಗೇಲಿ ಮಾಡುವುದುಂಟು. ಈ ಟೀಕೆ ತಂಗುಮನೆಗಳಿಗೆ ಒಪ್ಪುತ್ತದೆಯಾದರೂ ಶಾಖೆಗಳ ಒಂದು ದಿನದ ಪ್ರವಾಸಗಳಿಗೆ ಅಷ್ಟಾಗಿ ಅನ್ವಯಿಸದು. ಅವುಗಳಲ್ಲಿ ಹೆಚ್ಚಿನವು ಉಚಿತ ಅಥವಾ ಪೆಟ್ರೋಲ್ ಖರ್ಚನ್ನು ಹಂಚಿಕೊಳ್ಳುವಂಥವು.

ಹೊಣೆ ಮತ್ತು ರಕ್ಷಣಾ ವೆಚ್ಚ

ಪ್ರವಾಸಕ್ಕೆ ಬರುವವರು ಅಪಾಯವನ್ನು ಅರಿತು ಒಪ್ಪಿರುವುದಾಗಿ ಬರಹದಲ್ಲಿ ಸಹಿ ಮಾಡಬೇಕು. ಸದಸ್ಯರಲ್ಲದವರಿಗೂ ಹೆಚ್ಚಿನ ಪ್ರವಾಸಗಳಲ್ಲಿ ಅವಕಾಶವಿದೆ.

ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕಾಡಿನಲ್ಲಿ ಸಿಲುಕಿದವರನ್ನು ಹುಡುಕುವ ಹೊಣೆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯದು. ಸ್ವಯಂಸೇವಾ ತಂಡಗಳು ಅದಕ್ಕೆ ಕೈಜೋಡಿಸುತ್ತವೆ. ನಿರ್ಲಕ್ಷ್ಯದಿಂದ ತೊಂದರೆಗೆ ಸಿಲುಕಿದವರಿಂದ ರಕ್ಷಣಾ ವೆಚ್ಚವನ್ನು ವಸೂಲು ಮಾಡಲು ಅಲ್ಲಿನ ಕಾನೂನು ಅವಕಾಶ ನೀಡುತ್ತದೆ. ಮೊದಲು ‘ದುಡುಕು’ ಎಂದಿದ್ದ ಮಾನದಂಡವನ್ನು 2008ರಲ್ಲಿ ‘ನಿರ್ಲಕ್ಷ್ಯ’ ಎಂದು ಬಿಗಿಗೊಳಿಸಲಾಯಿತು. 2015ರಿಂದ ‘ಹೈಕ್‌ಸೇಫ್’ ಎಂಬ ವಾರ್ಷಿಕ ಕಾರ್ಡು ಜಾರಿಯಲ್ಲಿದ್ದು, ಆರಂಭದಲ್ಲಿ ಒಬ್ಬರಿಗೆ 25 ಡಾಲರ್, ಕುಟುಂಬಕ್ಕೆ 35 ಡಾಲರ್ ನಿಗದಿಯಾಗಿತ್ತು. ಕಾರ್ಡು ಪಡೆದವರಿಗೆ ನಿರ್ಲಕ್ಷ್ಯದ ಪ್ರಕರಣಗಳಲ್ಲಿ ವೆಚ್ಚದಿಂದ ವಿನಾಯಿತಿ ದೊರೆಯುತ್ತದೆ, ದುಡುಕಿನ ಪ್ರಕರಣಗಳಲ್ಲಿ ಇಲ್ಲ. ಬಿಲ್ಲಿನ ಹೆದರಿಕೆಯಿಂದ ಜನರು ಸಹಾಯ ಕೇಳಲು ತಡಮಾಡಬಹುದು ಎಂಬ ಆಕ್ಷೇಪವನ್ನು ರಕ್ಷಣಾ ಕಾರ್ಯಕರ್ತರಲ್ಲಿಯೇ ಕೆಲವರು ಎತ್ತಿದ್ದಾರೆ.

‘ಅಪಲಾಚಿಯ’ ಪತ್ರಿಕೆಯು ವೈಟ್ ಮೌಂಟನ್ಸ್‌ನಲ್ಲಿ ನಡೆದ ಅವಘಡಗಳ ವಿವರಗಳನ್ನು ವಿಶ್ಲೇಷಣೆಯೊಡನೆ ಪ್ರಕಟಿಸುತ್ತದೆ. ಎಷ್ಟು ಗಂಟೆಗೆ ಹೊರಟರು, ಚೀಲದಲ್ಲಿ ಏನಿತ್ತು, ತಂಡ ಯಾವಾಗ ಬೇರೆಯಾಯಿತು, ಹಿಂತಿರುಗುವ ಅವಕಾಶ ಎಲ್ಲೆಲ್ಲಿ ಇತ್ತು ಎಂಬ ಪ್ರಶ್ನೆಗಳನ್ನು ಈ ಬರಹಗಳು ಎತ್ತುತ್ತವೆ. ಹೊಸ ನಾಯಕರ ತರಬೇತಿಗೂ ಇಂತಹ ಪ್ರಕರಣಗಳು ಉಪಯುಕ್ತ ಪಾಠಸಾಮಗ್ರಿಯಾಗಿವೆ.